ರಾಜಪಾರ್ಟಿನ ಹಣೆಪಟ್ಟಿ

ಏಪ್ರಿಲ್ 13, ಭಾನುವಾರ

ದ್ರೋಹ! ಹಾಡಹಗಲಲ್ಲಿ, ಭಜನೆಮನೆಯಲ್ಲಿ, ಊರೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ ಈ ಶ್ರೀರಾಮಪ್ಪನ ಕಿರೀಟವನ್ನು ಬಿಚ್ಚಿಹಾಕಿದರು. ರಣರಂಗದಲ್ಲಿ ವೈರಿ ಕೆಡವಿದ್ದರೆ ಸಹಿಸುತ್ತಿದ್ದೆ. ಬಿಚ್ಚಿದ್ದು ಕನ್ನಡಕ ಹಾಕಿಕೊಂಡ ಒಂದು ಹೆಣ್ಣುಮಗು, ಅದರ ಕೈಯಲ್ಲಿದ್ದ ಆಯುಧ ಒಂದು ಚಿಮಟ.

ಇನ್ನು ಈ ಮನೆಯಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ಆದರೆ ಮಾತು ಎಲ್ಲಿಗಾದರೂ ಹೋಗಬೇಕಲ್ಲ? ಮೈಕಿಲ್ಲದೆ ದೇವರಾಯಸಮುದ್ರದ ಕೆರೆಯ ಆಚೆ ದಡಕ್ಕೆ ಕೇಳಿಸುವ ಕಂಠ ಇದು. ನುಂಗಿಕೊಂಡರೆ ಎದೆಯೇ ಒಡೆದೀತು. ಆದ್ದರಿಂದ ಎಲೈ ಹಾಳೆಯೇ, ಇಂದಿನಿಂದ ನೀನೇ ನನ್ನ ಸಭೆ.

ನಡೆದದ್ದು ಇಷ್ಟು. ಮಂಡಿ ನೋವಿನ ದೆಸೆಯಿಂದ ಸಿಂಹಾಸನ ಹತ್ತಿ ಇಳಿಯುವುದು ಕಷ್ಟವಾಗಿ, ಈ ಸಲದ ಶಿವರಾತ್ರಿ ನಾಟಕದಲ್ಲಿ ಸಾರಿದ್ದೆ: ಇನ್ನು ರಾಜಪಾರ್ಟು ನನ್ನ ಶಿಷ್ಯ ಮುರಳಿಮೋಹನನದು, ಮುಂದಿನ ನಾಟಕದ ದಿನ ನನ್ನ ಕಿರೀಟವನ್ನು ನಾನೇ ಅವನ ತಲೆಗಿಡುತ್ತೇನೆ. ಹುಡುಗ ನಮ್ಮೂರವನೇ, ಮಾಲೂರಿನ ಕಾರ್ಖಾನೆಯಲ್ಲಿ ಕೆಲಸ. ಸಭೆಯಲ್ಲಿ ಎಂಥ ಶಿಳ್ಳೆ, ಎಂಥ ಚಪ್ಪಾಳೆ! ಆ ದಿನ ಬರುವ ಶನಿವಾರ. ಕಿರೀಟ ಒರೆಸಿಡೋಣವೆಂದು ಇವತ್ತು ಭಜನೆಮನೆಯ ಟ್ರಂಕು ತೆಗೆದೆ. ಆಗ ಜೀಪು ಬಂತು.

ಇಳಿದವಳು ಸಹನ, ಪುರಾತತ್ವದವಳು. ನಮ್ಮ ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಚಪ್ಪಡಿ ಕಲ್ಲುಗಳನ್ನು ಸುತ್ತ ನಿಲ್ಲಿಸಿದ ಹಳೆಯ ಗೋರಿಗಳಿವೆ, ಊರವರು ರಕ್ಕಸರ ಮನೆ ಅನ್ನುತ್ತಾರೆ. ಸಂಕ್ರಾಂತಿಯಿಂದ ಅವುಗಳ ಅಳತೆ ತೆಗೆಯುತ್ತಾ ಓಡಾಡುತ್ತಿದ್ದಾಳೆ. ಕಿರೀಟ ಕೇಳಿದಳು, ಕೊಟ್ಟೆ. ಹಣೆಯ ಮೇಲಿನ ಪಟ್ಟಿಯನ್ನು ಭೂತಕನ್ನಡಿಯಲ್ಲಿ ನೋಡಿದಳು, ಉಸಿರು ಬಿಗಿಹಿಡಿದಳು.

"ಸರ್, ಇದು ಬೇಗಡೆ ಅಲ್ಲ. ಚಿನ್ನ."

ನಾನು ನಕ್ಕೆ. ಸಭೆ ಅದುರುವಂತೆ ನಕ್ಕೆ. "ತಂಗೀ, ಇದು ನಾಟಕದ ಕಿರೀಟಮ್ಮ! ರಟ್ಟು, ಗೋಂದು, ಗಾಜಿನ ಮಣಿ, ಬೇಗಡೆ."

"ರಟ್ಟು, ಗೋಂದು, ಮಣಿ ಎಲ್ಲ ನಿಮ್ದೇ ಸರ್. ಈ ಪಟ್ಟಿ ಒಂದೇ ನಿಮ್ದಲ್ಲ. ಬರವಣಿಗೆ ಅನ್ನೋದು ಈ ಸೀಮೆಗೆ ಬರೋಕೂ ಮುಂಚಿನ ಜನದ್ದು. ಇಂಥದ್ದು ಸಿಗೋದೇ ಅಪರೂಪ."

"ಯಾರು ಹೇಳಿದ್ದು ನಿನಗೆ ಇದು ಇಲ್ಲಿದೆ ಅಂತ?"

ಕಂಬದ ಹಿಂದಿನಿಂದ ಒಂದು ದನಿ. "ನಾನೇ ಹೇಳ್ದೆ."

ನನ್ನ ಧರ್ಮಪತ್ನಿ ರಾಮಲಕ್ಷ್ಮಮ್ಮ! ಕಾಲ ಕೆಳಗಿನ ಭೂಮಿ ಬಾಯಿ ಬಿಡಬಾರದೇ! ಇನ್ನು ಮುಂದೆ ಆ ಹೆಸರು ಈ ಪುಸ್ತಕದಲ್ಲಿ ಬರುವುದಿಲ್ಲ. ಆ ಹೆಂಗಸು ಎಂದಷ್ಟೇ ಬರೆಯುತ್ತೇನೆ.

ಏಪ್ರಿಲ್ 14, ಸೋಮವಾರ

ಇಲಾಖೆಯವರು ಪಂಚನಾಮೆ ಮಾಡಿ ಹಣೆಪಟ್ಟಿಯನ್ನು ಹತ್ತಿಯಲ್ಲಿ ಸುತ್ತಿಕೊಂಡು ಹೋದರು. ಕಿರೀಟದ ರಟ್ಟನ್ನು ನನಗೆ ಬಿಟ್ಟರು.

ಈಗ ಎಲ್ಲ ನೆನಪಿಗೆ ಬರುತ್ತಿದೆ. ಮಗಳು ಮಾನಸ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ರಕ್ಕಸರ ಮನೆಯ ಪಕ್ಕದ ಕಣದಲ್ಲಿ ನಾಟಕದ ಚಪ್ಪರ ಹಾಕಿದ್ದೆವು. ನಾಟಕ ಮುಗಿದ ವಾರವೋ ಏನೋ, ಆ ಹೆಂಗಸು ಹಿಪ್ಪುನೇರಳೆ ಕಡ್ಡಿ ನೆಡಲು ಗುಂಡಿ ತೆಗೆಯುತ್ತಿದ್ದಳು. ಬಂದು ಕೈ ಚಾಚಿದಳು. "ನಿಮ್ ಕಿರೀಟದ್ದೇನೋ ಬಿದ್ದಿತ್ತು, ನೋಡಿ." ಮಡಚಿಕೊಂಡ ತೆಳುವಾದ ಹಳದಿ ಪಟ್ಟಿ, ಅಂಚಿನುದ್ದಕ್ಕೂ ಸೂಜಿಮೊನೆಯ ಚುಕ್ಕಿ. ನಾಟಕದವನ ಕಣ್ಣಿಗೆ ಹೊಳೆಯುವುದೆಲ್ಲ ಬೇಗಡೆಯೇ. ನನ್ನ ಆರ್ಭಟಕ್ಕೆ ಕಿತ್ತುಹೋಗಿರಬೇಕೆಂದು ಒಳಗೊಳಗೇ ಹೆಮ್ಮೆ ಪಟ್ಟೆ. ಅವಳೇ ಕೂತು ಕಿರೀಟದ ಹಣೆಗೆ ಹೊಲಿದಳು. ಪಟ್ಟಿಯ ಎರಡು ತುದಿಯಲ್ಲೂ ದಾರಕ್ಕೆಂದೇ ಮಾಡಿದಂಥ ತೂತುಗಳಿದ್ದವು. ಹೊಲಿಯುವಾಗ ತಲೆ ಎತ್ತಲಿಲ್ಲ. ಆಹಾ, ಎಂಥ ಅಭಿನಯ! ಬಣ್ಣ ಬಳಿದುಕೊಂಡು ಕುಣಿದವನು ನಾನು. ನಟಿಸಿದವಳು ಅವಳು.

ಉಳಿದ ಬೇಗಡೆ ವರ್ಷವರ್ಷಕ್ಕೂ ಕಪ್ಪಾಗುತ್ತಿತ್ತು. ಅದೊಂದು ಕಪ್ಪಾಗಲಿಲ್ಲ. ಅದು ನನ್ನ ಮುಖದ ತೇಜಸ್ಸು ಎಂದುಕೊಂಡಿದ್ದೆ. ಬಣ್ಣದ ಕೋಣೆಯಲ್ಲಿ ಹುಡುಗರಿಗೂ ಹಾಗೆಯೇ ಹೇಳಿದ್ದೆ.

ಏಪ್ರಿಲ್ 17, ಗುರುವಾರ

ಮಾತಾಡುವುದಿಲ್ಲವೆಂಬ ಪ್ರತಿಜ್ಞೆ ಇವತ್ತು ಮುರಿಯಿತು. ನ್ಯಾಯವಿಚಾರಣೆಗೆ ಪ್ರತಿಜ್ಞೆ ಅಡ್ಡ ಬರಬಾರದು.

"ಚಿನ್ನ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ಸಿಕ್ಕಿದ್ ದಿನವೇ. ಹುಣಸೆಹಣ್ಣಲ್ಲಿ ಉಜ್ಜಿದೆ. ನಮಗೆ ಗೊತ್ತಾಗಲ್ವಾ ಚಿನ್ನ?"

"ಕಟ್ಟಿಕೊಂಡ ಗಂಡನಿಗೆ ಹೇಳಬೇಕು ಅನ್ನಿಸಲಿಲ್ವಾ?"

ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ಹೇಳಿದ್ರೆ ಏನ್ ಮಾಡ್ತಿದ್ರಿ? ಮುಂದಿನ್ ನಾಟಕದಲ್ಲಿ ಯಾರಿಗೋ ಕೊಟ್ಟುಬಿಡ್ತಿದ್ರಿ."

ಹೇಗಿದೆ ಆರೋಪ! ರಾಜಪಾರ್ಟು ಹಾಕಿದವನು ಕೊಡದೆ ಇರುವುದುಂಟೇ? ಸಭೆ ಕುಣಿಯುತ್ತಿರುವಾಗ, ಹಾರ್ಮೋನಿಯಂ ಬುಗ್ಗೆಯಂತೆ ಚಿಮ್ಮುತ್ತಿರುವಾಗ, ಬರಿಗೈ ಆಡಿಸಿಕೊಂಡು ನಿಲ್ಲಲೇ? ಹೌದು, ಹಾರ್ಮೋನಿಯಂ ಮೇಷ್ಟ್ರು ಗಂಗುಲಪ್ಪನಿಗೆ ಉಂಗುರ ಕೊಟ್ಟೆ. ಸಖಿ ಪಾರ್ಟಿಗೆ ಶ್ರೀನಿವಾಸಪುರದಿಂದ ಬಂದ ಹುಡುಗಿಗೆ ಬೆಳ್ಳಿಯ ಕಾಲುಚೈನು ಕೊಟ್ಟೆ. ತಬಲದವನ ಮಗಳ ಮದುವೆಯೆಂದು ತಿಳಿದಾಗ ಓಲೆ ಕೊಟ್ಟೆ. ಕಾಲುಚೈನು, ಓಲೆ ಅವಳದು, ನಿಜ. ಆದರೆ ಕೊಟ್ಟ ಹೆಸರು ಮನೆತನದ್ದಲ್ಲವೇ? ಇವತ್ತಿಗೂ ಮುಳಬಾಗಿಲು ಸಂತೆಯಲ್ಲಿ ಜನ ಹೇಳುತ್ತಾರೆ.

"ಮತ್ತೆ ಗೂಡಿನಲ್ಲೋ ಪೆಟ್ಟಿಗೆಯಲ್ಲೋ ಬಚ್ಚಿಡಬೇಕಿತ್ತು. ನನ್ನ ತಲೆ ಮೇಲೇ ಯಾಕೆ ಇಟ್ಟೆ?"

"ರಕ್ಕಸರ ಮನೆದು ಹೊಸಿಲು ದಾಟಿಸಬಾರದು ಅಂತ ಅತ್ತೆ ಹೇಳಿದ್ರು. ಮಗು ಒಂದ್ ಮಡಕೆಚೂರು ತಂದ್ರೂ ವಾಪಸ್ ಹಾಕಿಸೋರು. ನಿಮ್ ಟ್ರಂಕು ಭಜನೆಮನೇಲಿರುತ್ತೆ. ಮತ್ತೆ ಲೋಕದಲ್ಲಿ ನೀವು ಯಾರಿಗೂ ಕೊಡ್ದೆ ಇರೋದು ಆ ಕಿರೀಟ ಒಂದೇ." ಮೊರ ಎತ್ತಿಕೊಂಡಳು. "ಅದನ್ನೂ ಕೊಡ್ತೀನಿ ಅಂತ ಮೈಕಲ್ಲಿ ಕೂಗಿದ್ರಿ. ಅವನು ಮಾಲೂರಿಗೆ ರೈಲಲ್ಲಿ ಹಾಕ್ಕೊಂಡು ಹೋದ್ರೆ ನಾನೇನ್ ಮಾಡ್ಲಿ? ಆ ಹುಡುಗಿಗೆ ಹೇಳ್ದೆ."

ನನಗೆ ಹೇಳುವ ಮೊದಲು! ಮಜ್ಜಿಗೆ ಕೊಡಲು ಹೊಲಕ್ಕೆ ಹೋಗುತ್ತಿದ್ದವಳು ಗುಟ್ಟನ್ನೂ ಲೋಟದಲ್ಲಿ ಬಗ್ಗಿಸಿ ಕೊಟ್ಟು ಬಂದಿದ್ದಾಳೆ.

ಏಪ್ರಿಲ್ 19, ಶನಿವಾರ

ನಾಟಕ ರದ್ದು. ಕಿರೀಟವಿಲ್ಲದೆ ಪಟ್ಟಾಭಿಷೇಕವೆಲ್ಲಿ ಬಂತು? ಮುರಳಿಮೋಹನ ಬೆಳಗ್ಗೆಯೇ ಬಂದು ಕೈ ಹಿಸುಕುತ್ತಾ ನಿಂತ. "ಹೋಗ್ಲಿ ಬಿಡಿ ಮಾವ, ಬೆಂಗಳೂರಿಂದ ಬಾಡಿಗೆ ಕಿರೀಟ ತರ್ತೀನಿ." ಬಾಡಿಗೆ ಕಿರೀಟ! ಬೈದು ಕಳಿಸಿದೆ.

ಟೀ ಅಂಗಡಿಗೆ ಹೋಗುವುದೇ ಬೇಡವಾಗಿತ್ತು. ಗಂಗುಲಪ್ಪ ಕಾದು ಕೂತಿದ್ದ.

"ಏನ್ಲಾ ಶ್ರೀರಾಮ, ತಲೆ ಮೇಲಿದ್ ಚಿನ್ನ ತಲೆಗೇ ಗೊತ್ತಾಗ್ಲಿಲ್ವಲ್ಲೋ!"

"ಭಾರ ಆಗ್ಲಿಲ್ವಾಣ್ಣ?" ಎಂದು ಇನ್ನೊಬ್ಬ.

"ಭಾರ ಎಲ್ಲಿ ಬಂತು? ಒಳಗೆ ಖಾಲಿ ಇತ್ತಲ್ಲ, ತಡ್ಕೊಂತು" ಎಂದ ಗಂಗುಲಪ್ಪ. ಅಂಗಡಿಯೇ ಬಿದ್ದು ನಕ್ಕಿತು. ನನ್ನ ಉಂಗುರ ಅವನ ಬೆರಳಲ್ಲೇ ಇತ್ತು, ಅದೇ ಕೈಯಲ್ಲಿ ತೊಡೆ ತಟ್ಟಿಕೊಂಡು ನಕ್ಕ.

ಈ ಊರಿನ ನೀರು ಇನ್ನು ನನಗೆ ಬೇಡ. ರಾಯಲ್ಪಾಡಿನ ಅಕ್ಕನ ಮನೆಗೆ ಹೊರಟೆ. ವನವಾಸ!

ಏಪ್ರಿಲ್ 22, ಮಂಗಳವಾರ. ರಾಯಲ್ಪಾಡು

ಅಕ್ಕ ಬಚ್ಚಮ್ಮ ಬಾಗಿಲಲ್ಲೇ ಸ್ವಾಗತಿಸಿದ ಬಗೆ: "ರಾರಾ ರಾಜಾ! ಏಮಿ, ಹೆಂಡ್ತಿ ಓಡಿಸಿದ್ಳಾ?"

ನಾನೇ ತೊರೆದು ಬಂದೆ ಎಂದೆ. ಅರ್ಧ ಗಂಟೆ ನನ್ನ ದುಃಖವನ್ನು ತೋಡಿಕೊಂಡೆ. ಪಕ್ಕದ ಮನೆಯವರು ಟಿ.ವಿ. ಆರಿಸಿ ಗೋಡೆಗೆ ಕಿವಿಯಿಟ್ಟರು. ಅಕ್ಕ ಟೊಮೆಟೊ ವಿಂಗಡಿಸುತ್ತಲೇ ಇದ್ದಳು. ಒಂದು ಕಣ್ಣೀರಿಲ್ಲ, ಒಂದು ಅಯ್ಯೋ ಇಲ್ಲ. ಅಷ್ಟು ತಣ್ಣಗಿನ ಸಭೆಯನ್ನು ನಾನು ಕಂಡದ್ದೇ ಇಲ್ಲ.

ಮೇ 5, ಸೋಮವಾರ. ರಾಯಲ್ಪಾಡು

ಅಕ್ಕ ಯಾಕೆ ತಣ್ಣಗಿದ್ದಳೆಂದು ಇವತ್ತು ತಿಳಿಯಿತು. ಅವಳಿಗೂ ಗೊತ್ತಿತ್ತು! ಒಡಹುಟ್ಟಿದವಳಿಗೆ!

ಮಾವಿನತೋಪಿನಲ್ಲಿ ಕಾಯಿ ಕೀಳಿಸುತ್ತಿದ್ದೆವು. ನಾನು, "ಹೆಂಡತಿ ಮೋಸ ಮಾಡಿದರೂ ತವರು ಮೋಸ ಮಾಡೋದಿಲ್ಲ ಅಕ್ಕಾ" ಎಂದೆ. ಮಾತು ಚೆನ್ನಾಗಿತ್ತು, ತಗ್ಗಿಸಿ ಹೇಳುವಂಥದಲ್ಲ, ತೋಪಿನ ಆ ತುದಿಯ ಆಳುಗಳೂ ತಿರುಗಿ ನೋಡಿದರು.

"ಅರಚ್ಬೇಡ್ವೋ, ಕಾಯಿ ಉದುರ್ತಾವೆ" ಎಂದಳು ಅಕ್ಕ. "ನಂಗೂ ಗೊತ್ತಿತ್ತು. ಆಯಮ್ಮ ಹೊಲಿದ ವರ್ಷವೇ ಹೇಳಿದ್ಳು."

"ಮತ್ತೆ ನನಗೆ?"

"ನಿಂಗ್ ಹೇಳೋದೂ ಒಂದೇ, ತಮಟೆ ಹೊಡ್ಸೋದೂ ಒಂದೇ."

ನಾನು ಎದೆ ಹಿಡಿದುಕೊಂಡು ಕೂತೆ. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ನಾನು, "ಆದರೂ ಒಂದು ಮಾತು ಅಕ್ಕ, ನಾಟಕ ಅಂದರೆ ಅವಳಿಗೆ ಪ್ರಾಣ, ಒಂದು ವರ್ಷವೂ ತಪ್ಪಿಸಿದವಳಲ್ಲ, ನನ್ನ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ" ಎಂದೆ.

ಅಕ್ಕ ನಕ್ಕಳು. "ನಿನ್ನ ನೋಡೋಕಾ? ನಿಜಂಗಾ ಹೇಳ್ತೀನಿ ಕೇಳು. ಅದನ್ನ ಕಾಯೋಕೆ ಕೂತ್ಕೋತಿದ್ಳು ಕಣೋ. ಬಣ್ಣ ತೊಳೆದು ಟ್ರಂಕಿಗೆ ಬೀಗ ಬೀಳೋವರೆಗೂ ಆಯಮ್ಮಂಗೆ ಜೀವ ಇರ್ತಿರ್ಲಿಲ್ಲ."

ಇದಕ್ಕಿಂತ ಹೆಚ್ಚು ಬರೆಯಲಾರೆ.

ಮೇ 6

ಇಲ್ಲ, ಬರೆಯುತ್ತೇನೆ. ಚಿನ್ನ ಹೋಯಿತು, ಹೋಗಲಿ. ಕಿರೀಟ ಹೋಯಿತು, ಹೋಗಲಿ. ಜನ ನಕ್ಕರು, ಅದೂ ಹೋಗಲಿ. ಆದರೆ ಮುಂದಿನ ಸಾಲಿನ ಚಾಪೆಯ ಮೇಲೆ ನೆಟ್ಟ ಕಣ್ಣಲ್ಲಿ ಕೂತಿರುತ್ತಿದ್ದ ಒಂದು ಮುಖ. ಸಾವಿರ ಜನರಿದ್ದರೂ ನಾನು ಆಡುತ್ತಿದ್ದದ್ದು ಆ ಮುಖಕ್ಕೆ. ಸಿಂಹಾಸನದಿಂದ ಏಳುವಾಗ, ಕತ್ತಿ ಸೆಳೆಯುವಾಗ, ಕಡೆಯ ಅಂಕದಲ್ಲಿ ಕುಸಿಯುವಾಗ, ಅವಳು ನೋಡುತ್ತಿದ್ದಾಳೆ ಎಂದು ಕುಸಿಯುತ್ತಿದ್ದೆ. ಅವಳು ನೋಡುತ್ತಿದ್ದದ್ದು ಹುಬ್ಬಿನ ಮೇಲಿನ ನಾಲ್ಕು ಬೆರಳಗಲದ ಜಾಗವನ್ನು.

ಇಷ್ಟು ವರ್ಷ ನನಗೆ ಪ್ರೇಕ್ಷಕರೇ ಇರಲಿಲ್ಲವೇ?

ಮೇ 8

ಊಟ ಸೇರಲಿಲ್ಲ.

ಮೇ 19, ಸೋಮವಾರ. ರಾಯಲ್ಪಾಡು

ಮುರಳಿಮೋಹನನ ಫೋನು. "ಮಾವ, ಅತ್ತೆ ಒಬ್ಬರೇ ಹುಳ ನೋಡ್ಕೋತಿದಾರೆ. ನಾಲ್ಕನೇ ಜ್ವರ ಎದ್ದಿದೆ. ಸೊಪ್ಪು ತಂದ್ ಹಾಕೋರು ಯಾರೂ ಇಲ್ಲ. ನಂಗೆ ರಜ ಸಿಕ್ಕಲ್ಲ."

ರೇಷ್ಮೆಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಬಕಾಸುರನ ಹಸಿವು. ಹಗಲೆಲ್ಲ ಸೊಪ್ಪು ಹೊತ್ತು ಹಾಕುತ್ತಲೇ ಇರಬೇಕು. ಹುಳುಗಳೇನು ಪಾಪ ಮಾಡಿವೆ? ಮೂಕಪ್ರಾಣಿಗಳ ಸಲುವಾಗಿ ನಾಳೆ ಹೊರಡುತ್ತೇನೆ. ಹುಳುಗಳ ಸಲುವಾಗಿ ಮಾತ್ರ.

ಮೇ 21, ಬುಧವಾರ

ಬಂದೆ. ಆ ಹೆಂಗಸು ನನ್ನನ್ನು ನೋಡಿ ಕುಡುಗೋಲು ಕೈಗೆ ಕೊಟ್ಟಳು. ಬೆಳಗ್ಗೆ ಆರು ಹೊರೆ ಸೊಪ್ಪು. ಮಂಡಿ ಬೆಂಕಿ.

ನಾವಿಬ್ಬರೂ ಮಾತಾಡುವುದಿಲ್ಲ. ವ್ಯವಹಾರವೆಲ್ಲ ಹುಳುಗಳ ಮೂಲಕ. ನಾನು ತಟ್ಟೆಯ ಕಡೆ ಬಾಗಿ, "ಎಲೈ ಹುಳುಗಳಿರಾ, ಸೊಪ್ಪು ಸಾಕೋ ಇನ್ನೂ ಬೇಕೋ?" ಎಂದು ಕೇಳುತ್ತೇನೆ. ಅವಳು ತಟ್ಟೆಯ ಆ ಕಡೆಯಿಂದ, "ಹುಳ ಬೆಚ್ಚುತ್ತವೆ, ಅಷ್ಟು ಜೋರಾಗಿ ಕೇಳೋರ್ಗೆ ಇನ್ನೊಂದ್ ಹೊರೆ ಬೇಕು ಅಂತ ಹೇಳಿ" ಎನ್ನುತ್ತಾಳೆ, ಹುಳುಗಳಿಗೇ.

ಅವಳ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕುಡುಗೋಲು ತಾಗಿದೆಯಂತೆ. ಯಾವಾಗ ಎಂದು ಹುಳುಗಳನ್ನು ಕೇಳಿದೆ. ಅವಳು ಇನ್ನೊಂದು ತಟ್ಟೆಗೆ ಸೊಪ್ಪು ಹರಡತೊಡಗಿದಳು.

ಮೇ 27, ಮಂಗಳವಾರ

ಹುಳು ಹಣ್ಣಾಗಿ ಗೂಡಿಗೆ ಬಿಟ್ಟೆವು. ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹುಳು ಬಿಡುವುದು ನನಗೆ ಬಾರದ ಕೆಲಸ, ನನ್ನ ಬೆರಳು ಕತ್ತಿ ಹಿಡಿಯುವ ಬೆರಳು. ಇವತ್ತು ಕಲಿತೆ. ಅವಳ ಹೆಬ್ಬೆರಳು ಇನ್ನೂ ಮಾಗಿಲ್ಲ, ಬೇರೆ ದಾರಿ ಇರಲಿಲ್ಲ.

ಜೂನ್ 24, ಮಂಗಳವಾರ

ಸಹನ ಫೋನು ಮಾಡಿದ್ದಳು. ಆಗಸ್ಟಿನಲ್ಲಿ ಕೋಲಾರದಲ್ಲೇ ಪ್ರದರ್ಶನ. ದೂರದ ಊರಿಗೆ ಹೋಗುವ ಮೊದಲು ಸಿಕ್ಕಿದ ಸೀಮೆಯ ಜನ ನೋಡಲಿ ಎಂದು ಅವಳೇ ಹಟ ಹಿಡಿದು ಒಪ್ಪಿಸಿದಳಂತೆ. "ಸರ್, ಉದ್ಘಾಟನೆ ದಿನ ನೀವೊಂದು ರಾಜನ ಮಾತು ಹೇಳ್ಬೇಕು. ಇಷ್ಟು ವರ್ಷ ಅದನ್ನ ಹಾಕ್ಕೊಂಡಿದ್ದೋರು ನೀವಲ್ವಾ. ಜನ ಬರ್ತಾರೆ."

ಒಪ್ಪಿದೆ! ಕೂಡಲೇ ಒಪ್ಪಿದೆ. ಎಲೈ ಹಾಳೆಯೇ, ಇನ್ನು ನಿನ್ನೊಬ್ಬನ ಮುಂದೆ ಅಳುವುದಿಲ್ಲ. ಕೋಲಾರದ ಜನಸ್ತೋಮದ ಮುಂದೆ, ಆ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು, ಅಪ್ಪ ಬರೆದ ನಾಟಕದ ಕಡೆಯ ಅಂಕವನ್ನು ಹೇಳುತ್ತೇನೆ. ದ್ರೋಹಕ್ಕೆ ಸಿಕ್ಕಿದ ರಾಜನ ಮಾತು. "ನಂಬಿದ ಎದೆಗೇ ನಂಜಿನ ಬಾಣವೇ? ಅಂತಃಪುರದಲ್ಲೇ ಅರಿಯಿದ್ದ ಮೇಲೆ ಕೋಟೆಗೆ ಬೀಗವೇತಕೆ, ಬುರುಜಿಗೆ ಕಾವಲೇತಕೆ?" ಆಮೇಲೆ ಬೆರಳು ತೋರಿಸಿ ಅವಳ ಹೆಸರು ಹೇಳುತ್ತೇನೆ. ಗಂಡನಿಂದ ಬಚ್ಚಿಟ್ಟವಳು ಇವಳೇ ಎಂದು ನಾಲ್ಕು ತಾಲ್ಲೂಕು ತಿಳಿಯಲಿ.

ಜುಲೈ 11, ಶುಕ್ರವಾರ

ಹೊಸ ಬೆಳೆಗೆ ಹುಳುಮನೆ ತೊಳೆದು ಸುಣ್ಣ ಹಾಕುತ್ತಿದ್ದೆವು. ಹುಳುಗಳಿಲ್ಲದ್ದರಿಂದ ನೇರವಾಗಿ ಕೇಳಬೇಕಾಯಿತು.

"ನಾಟಕಕ್ಕೆ ಬರುತ್ತಿದ್ದದ್ದು ಯಾಕೆ ನೀನು?"

"ಅಕ್ಕ ಹೇಳಿದ್ರಂತಲ್ಲ."

"ನಿನ್ನ ಬಾಯಲ್ಲಿ ಕೇಳಬೇಕು."

"ಕಿರೀಟ ಕಾಯೋಕೆ." ಸುಣ್ಣದ ಕುಂಚ ನಿಲ್ಲಿಸಲೇ ಇಲ್ಲ. "ನೀವು ಕುಣಿಯೋ ಕುಣಿತಕ್ಕೆ ಎಲ್ಲಿ ಹಾರಿ ಹೋಗುತ್ತೋ ಅಂತ."

ಸುಳ್ಳಾದರೂ ಹೇಳಬಹುದಿತ್ತು. ಅಷ್ಟು ವರ್ಷ ನಟಿಸಿದವಳಿಗೆ ಇನ್ನೊಂದು ನಿಮಿಷ ಭಾರವೇ? ಎದೆಯ ಮೇಲೆ ಕಾಲಿಟ್ಟು ದಾಟಿದಂತೆ ದಾಟಿ ಹೋಗಿ ಆ ಗೋಡೆಗೆ ಬಳಿಯತೊಡಗಿದಳು. ಕುಂಚ ಮೇಲಕ್ಕೆ ಎಟುಕುತ್ತಿರಲಿಲ್ಲ. ಮೇಲಿನ ಭಾಗ ನಾನು ಬಳಿದೆ. ಸುಣ್ಣ ಕಣ್ಣಿಗೆ ಬಿದ್ದು ಉರಿಯಿತು.

ಜುಲೈ 27, ಭಾನುವಾರ

ಕಡೆಯ ಅಂಕವನ್ನು ಕೆರೆಯ ಏರಿಯ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಕೊಕ್ಕರೆಗಳು ಎದ್ದು ಹೋಗುತ್ತವೆ. ಗಂಗುಲಪ್ಪ ಸೈಕಲ್ಲು ನಿಲ್ಲಿಸಿ ಕೇಳಿದ.

"ಯಾರ ಮೇಲ್ಲಾ ಈ ಕೋಪ?"

ಹೇಳಿದೆ. ಅವನು ನಗಲಿಲ್ಲ.

"ಬೇಡ ಕಣೋ ಶ್ರೀರಾಮ. ಆಯಮ್ಮ ಸಭೆಯಲ್ಲಿ ತಲೆ ಎತ್ತಿದೋಳಲ್ಲ."

"ದ್ರೋಹಕ್ಕೆ ಶಿಕ್ಷೆಯಿಲ್ಲವೇ?"

"ಸರಿ, ಆಮೇಲೆ? ಕೋಲಾರದಿಂದ ಒಂದೇ ಬಸ್ಸಲ್ಲಿ ವಾಪಸ್ ಬರ್ಬೇಕಲ್ಲ ನೀವಿಬ್ಬರೂ."

ನಾಟಕದಲ್ಲಿ ಬಸ್ಸು ಬರುವುದಿಲ್ಲ. ಹಾರ್ಮೋನಿಯಂ ನುಡಿಸುವವನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು.

ಆಗಸ್ಟ್ 23, ಶನಿವಾರ

ನಾಳೆ! ಕಂಠಕ್ಕೆ ಬಿಸಿನೀರು, ಕಲ್ಲುಸಕ್ಕರೆ, ಮೆಣಸು. ಜರಿಪಂಚೆ ಇಸ್ತ್ರಿಯಾಗಿದೆ. ಅವಳು ಮದುವೆಯ ಸೀರೆ ತೆಗೆದಿಟ್ಟಿದ್ದಾಳೆ, ಅದಕ್ಕೆ ಹೊಂದುವ ಓಲೆ ಇಲ್ಲ ಎಂದು ಮಾನಸನ ಹತ್ತಿರ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು. ನನಗೇನು?

ಆಗಸ್ಟ್ 24, ಭಾನುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕು, ಕಷ್ಟವಾದರೂ.

ಜನ ಕಿಕ್ಕಿರಿದಿದ್ದರು. ಮಾಲೂರಿನ ಇಟ್ಟಿಗೆಗೂಡಿನವರು, ಶ್ರೀನಿವಾಸಪುರದ ಮಂಡಿಯವರು, ಶಾಲೆಯ ಮಕ್ಕಳ ಸಾಲು ಸಾಲು. ಬಿಗಿ ಪೊಲೀಸು ಕಾವಲು. ನನ್ನ ತಲೆಯ ಮೇಲೆ ಇಷ್ಟು ದಿನ ಕಾವಲಿಲ್ಲದೆ ಕುಣಿದಾಡಿದ್ದಕ್ಕೆ!

ಸಭೆಗೆ ಮೊದಲು ಸಹನ ನಮ್ಮಿಬ್ಬರನ್ನೂ ಒಳಗೆ ಕರೆದುಕೊಂಡು ಹೋದಳು. ಗಾಜಿನ ಪೆಟ್ಟಿಗೆಯಲ್ಲಿ, ಕಪ್ಪು ಬಟ್ಟೆಯ ಮೇಲೆ ಅದು. ನನ್ನ ಕಿರೀಟದಲ್ಲಿ ಚಪ್ಪಟೆಯಾಗಿದ್ದದ್ದನ್ನು ಮೊದಲಿದ್ದಂತೆ ಬಳೆಯಾಕಾರಕ್ಕೆ ಬಾಗಿಸಿ ನಿಲ್ಲಿಸಿದ್ದಾರೆ. ಎಷ್ಟು ಚಿಕ್ಕದು! ಈರುಳ್ಳಿ ಸಿಪ್ಪೆಯಷ್ಟು ತೆಳು. ನನ್ನ ತಲೆಗೆ ಅರ್ಧಕ್ಕೂ ಬರುವುದಿಲ್ಲ.

"ಯಾವ ರಾಜನದು?" ಎಂದೆ.

"ರಾಜ ಇರ್ಲಿಕ್ಕಿಲ್ಲ ಸರ್. ಇಷ್ಟು ಸಣ್ಣ ತಲೆ ಅಂದ್ರೆ ಹೆಂಗಸೋ, ಬೆಳೀತಿದ್ದ ಮಗುವೋ. ಆ ಕಾಲದಲ್ಲಿ ರಾಜರು ಅಂತ ಇದ್ರೋ ಇಲ್ವೋ ಅದೂ ನಮಗೆ ಗೊತ್ತಿಲ್ಲ."

ಇನ್ನೊಂದು ಏಟು. ನಾನು ಇಷ್ಟು ಕಾಲ ಯಾರದೋ ಮಗುವಿನ ಒಡವೆ ಹಾಕಿಕೊಂಡು ಘರ್ಜಿಸುತ್ತಿದ್ದೆ. ಅವಳು ಗಾಜಿನ ಹತ್ತಿರ ಬಾಗಿ ತನ್ನ ಹಳೆಯ ಹೊಲಿಗೆಯ ತೂತುಗಳನ್ನು ನೋಡಿದಳು. "ದಾರ ಜೋರಾಗಿ ಎಳೆದಿದ್ನೇನೋ, ಹರಿದಿಲ್ಲ ಸದ್ಯ" ಎಂದಳು.

ಸಭೆಯಲ್ಲಿ ಮೊದಲು ಅವಳನ್ನು ಕರೆದರು. ಮೈಕಿನ ಮುಂದೆ ನಿಂತು, "ಗುಂಡಿ ತೋಡ್ತಿದ್ದೆ, ಸಿಕ್ತು" ಎಂದು ಇಳಿದುಬಿಟ್ಟಳು. ಆಮೇಲೆ ನಾನು. ಮೈಕನ್ನು ಪಕ್ಕಕ್ಕೆ ತಳ್ಳಿದೆ. ಪಂಚೆ ಕೊಡವಿದೆ. ಬಲಗಾಲು ಮುಂದಿಟ್ಟೆ.

"ನಂಬಿದ ಎದೆಗೇ ನಂಜಿನ ಬಾಣವೇ!"

ಮಕ್ಕಳು ಬೆಚ್ಚಿದವು, ಆಮೇಲೆ ಚಪ್ಪಾಳೆ. ಎಲ್ಲರೂ ನನ್ನ ಕೈ ನೋಡುತ್ತಿದ್ದರು, ಮೀಸೆ ನೋಡುತ್ತಿದ್ದರು. ನಾನು ಅವಳ ಕಡೆ ತಿರುಗಿದೆ, ಬೆರಳೆತ್ತಲು.

ಅವಳು ತಲೆ ತಗ್ಗಿಸಿ ಕೂತಿದ್ದಳು. ನನ್ನನ್ನು ನೋಡುತ್ತಲೇ ಇರಲಿಲ್ಲ. ತುಟಿ ಆಡುತ್ತಿತ್ತು. "ಅಂತಃಪುರದಲ್ಲೇ ಅರಿಯಿದ್ದ ಮೇಲೆ..." ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಅವಳ ತುಟಿ ಅದನ್ನು ಹೇಳಿಬಿಟ್ಟಿತ್ತು. ನಾನು ಹೇಳಿದೆ. ಮುಂದಿನದನ್ನೂ ಅವಳೇ ಮೊದಲು ಮುಟ್ಟಿದಳು. ತನ್ನ ಮೇಲೆ ಬೀಳಲಿರುವ ಕತ್ತಿಯನ್ನು ನನಗಿಂತ ಮುಂಚೆ ಸಾಲುಸಾಲಾಗಿ ಹಿರಿದು ಇಡುತ್ತಿದ್ದಳು.

ನನ್ನ ಗಂಟಲು ಕಟ್ಟಿತು. ಕಲ್ಲುಸಕ್ಕರೆಯಲ್ಲಿ ಏನೋ ದೋಷ.

"ಇದು ಸಿಕ್ಕಿದ್ದು ನನ್ನ ಹೆಂಡತಿ ರಾಮಲಕ್ಷ್ಮಮ್ಮನಿಗೆ. ಉಳಿಸಿದ್ದೂ ಅವಳೇ. ನನ್ನಿಂದ." ಅಷ್ಟೇ ಹೇಳಿ ಕೂತೆ. ಮೈಕು ದೂರವಿತ್ತು, ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ.

ಗಂಟಲು ಸರಿಯಿದ್ದಿದ್ದರೆ ಬಿಡುತ್ತಿರಲಿಲ್ಲ. ಅದನ್ನಿಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ನರಸಾಪುರದ ಕಡೆಯ ಮೋಡ ಎಲ್ಲ ಇತ್ತ ಬಂದು ತುಂತುರು ಹಾಕುತ್ತಿತ್ತು. ವಡಗೂರು ಗೇಟು ದಾಟಿದ ಮೇಲೆ ಕೇಳಿದೆ.

"ಕಿರೀಟ ಕಾಯೋಕೆ ಬಂದವಳಿಗೆ ಮಾತು ಹೇಗೆ ಬಂತು?"

"ಕಣ್ಣು ಕಿರೀಟದ ಮೇಲಿತ್ತು. ಕಿವಿಗೇನ್ ಕೆಲಸ ಇತ್ತು ಹೇಳಿ?"

ನಾನು ಕಿಟಕಿಯ ಕಡೆ ತಿರುಗಿದೆ.

"ಒಂದ್ ಸಾಲು ಮಾತ್ರ ನೀವು ಯಾವತ್ತೂ ಹೇಳಿಲ್ಲ" ಎಂದಳು.

"ಯಾವ ಸಾಲು? ನಾನು ಸಾಲು ಬಿಡೋನಾ?"

"ಮಾವ, ಅದೇ ನಿಮ್ಮಪ್ಪ, ರಾಜಪಾರ್ಟು ಮಾಡ್ತಿದ್ದಾಗ ಹೇಳೋರು. ನಾನು ಹೊಸದಾಗಿ ಬಂದಾಗ ಕೇಳಿದ್ದೆ. ಬೀಗ, ಬುರುಜು ಎಲ್ಲ ಆದ್ಮೇಲೆ. ನಿಮಗೆ ಅಷ್ಟೊತ್ತಿಗೆ ಚಪ್ಪಾಳೆ ಬಿದ್ದಿರುತ್ತೆ, ಒಳಕ್ಕೆ ಹೋಗ್ಬಿಡ್ತೀರಿ. ಪ್ರತಿ ಸಲ ಈ ಸಲ ಹೇಳ್ತಾರೇನೋ ಅಂತ ಕಾಯ್ತಿದ್ದೆ."

ಅಂಥ ಸಾಲೇ ಇಲ್ಲ ಎಂದು ವಾದಿಸಿದೆ. ಊರು ಬರುವವರೆಗೂ ವಾದಿಸಿದೆ. ಕಂಡಕ್ಟರು, "ಯಜಮಾನ್ರೇ, ಸ್ವಲ್ಪ ಮೆಲ್ಲಗೆ" ಎಂದ.

ಆಗಸ್ಟ್ 26, ಮಂಗಳವಾರ

ಮೋಸ ಮೋಸವೇ. ನಾನು ಒಪ್ಪಿಬಿಟ್ಟೆ ಎಂದು ಯಾರೂ ತಿಳಿಯಬಾರದು. ಗಂಡನಿಗೆ ಹೇಳದೆ ಅಷ್ಟು ವರ್ಷ! ನೆನೆದಾಗೆಲ್ಲ ಈಗಲೂ ಎದೆಯಲ್ಲಿ ಮುಳ್ಳಾಡುತ್ತದೆ.

ಲಕ್ಷ್ಮಿ ಹುಳುಮನೆಯಲ್ಲಿ ಎಳೆಸೊಪ್ಪು ಹೆಚ್ಚುತ್ತಿದ್ದಳು. ಹೊಸ ಹುಳು, ಇನ್ನೂ ಇರುವೆಯಷ್ಟು. ನಾನು ಬಾಗಿಲಲ್ಲಿ ನಿಂತು, ಆ ಸಾಲು ಏನು ಹೇಳು ನೋಡೋಣ ಎಂದೆ. ತಲೆ ಎತ್ತದೆ ಹೇಳಿದಳು, ಅಡುಗೆಗೆ ಉಪ್ಪು ಎಷ್ಟು ಎಂದು ಹೇಳುವ ಹಾಗೆ:

"ಮಂತ್ರಿ, ದೀಪ ಆರಿಸಬೇಡ. ಆಕೆ ಬರುವ ದಾರಿ ಕತ್ತಲಾದೀತು."

ಅಪ್ಪನ ದನಿ ಎಲ್ಲಿಂದಲೋ ಬಂದಂತಾಯಿತು. ಇತ್ತು. ಆ ಸಾಲು ಇತ್ತು. ನಾನು ಎದೆ ಸೆಟೆದು, ಕೈ ಚಾಚಿ, "ಮಂತ್ರೀ!" ಎಂದೆ.

"ಮಂತ್ರಿ ಪಕ್ಕದಲ್ಲೇ ನಿಂತಿರ್ತಾನೆ" ಎಂದಳು. "ಅಷ್ಟು ಕೂಗೋದ್ಯಾಕೆ?"

ತಗ್ಗಿಸಿ ಹೇಳಿದೆ.

"ಇನ್ನೂ ಸಭೆಗೇ ಹೇಳ್ತಿದೀರಿ."

ಒಳಗೆ ಹೋಗಿ ತಟ್ಟೆಯ ಈ ಕಡೆ ಕೂತೆ. ಹುಳು ಸೊಪ್ಪು ಮೇಯುವ ಸದ್ದು ಸಣ್ಣಗೆ, ಮಳೆ ಶುರುವಾದಂತೆ. ಅದಕ್ಕಿಂತ ಜೋರಾಗಬಾರದೆಂದು ಹೇಳಿದೆ. ಚೆನ್ನಾಗಿ ಬರಲಿಲ್ಲ, ನಟನ ದನಿಯೇ ಅಲ್ಲ ಅದು. ಮತ್ತೊಮ್ಮೆ ಹೇಳಿದೆ.

ಅವಳು ಚಾಕು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಈಗ ಕೇಳಿಸ್ತು" ಎಂದಳು.